ಕೋಲಾರ ಸೀಮೆಯ ದಾರಿಯಲ್ಲಿ ತಂಪಿನ ಲೆಕ್ಕ

ಚಿತ್ತೂರಿನಿಂದ ಪಶ್ಚಿಮಾಭಿಮುಖವಾಗಿ ಹೊರಟ ಹೆದ್ದಾರಿಯು ಮೊಗಿಲಿ ಘಟ್ಟವನ್ನೇರಿ, ಪಲಮನೇರನ್ನು ಹಾದು, ನಂಗಲಿಯ ಬಳಿ ಕರ್ನಾಟಕವನ್ನು ಪ್ರವೇಶಿಸಿ, ಮುಳಬಾಗಿಲು ಕೋಲಾರಗಳ ಮೂಲಕ ಬೆಂಗಳೂರನ್ನು ಸೇರುತ್ತದೆ. ಸಮುದ್ರಮಟ್ಟದಿಂದ 300 ಮೀಟರಿಗೆ ತುಸು ಮಿಗಿಲಾದ ಚಿತ್ತೂರಿಗೂ 800 ಮೀಟರನ್ನು ದಾಟಿದ ಮುಳಬಾಗಿಲಿಗೂ ನಡುವೆ ಇರುವ ಈ ಏರು, ಆ ದಾರಿಯಲ್ಲಿ ಸಾಗಿದ ಎಲ್ಲ ಕಾಲದ ವಾಹನಗಳ ಬಲವನ್ನೂ ಒರೆಗೆ ಹಚ್ಚಿದೆ. 1791ರ ಫೆಬ್ರವರಿಯಲ್ಲಿ, ತಾನು ಆಂಬೂರಿನ ಕಣಿವೆಯ ಕಡೆಯಿಂದ ಬರುವವನೆಂದು ಟಿಪ್ಪು ಸುಲ್ತಾನನು ನಂಬುವಂತೆ ಹೂಟ ಹೂಡಿ, ಲಾರ್ಡ್ ಕಾರ್ನ್‌ವಾಲಿಸನು ಫಿರಂಗಿ, ಎತ್ತು, ಆನೆಗಳ ಸಹಿತವಾದ ಮಹಾಸೈನ್ಯವನ್ನು ಹತ್ತಿಸಿದುದು ಇದೇ ಘಟ್ಟದಲ್ಲಿ; ಎರಡು ಶತಮಾನಗಳು ಕಳೆದ ಮೇಲೆ, ತಿರುಪತಿಯ ಯಾತ್ರಿಕರನ್ನು ಕೂರಿಸಿಕೊಂಡು ಹಿಂದಿರುಗುತ್ತಿದ್ದ ಪುಟ್ಟ ಮಾರುತಿ ಕಾರಿನ ಚಾಲಕನು, ಎಂಜಿನ್ನು ನರಳತೊಡಗಿದಾಗ, "ಏರು ಬಂತು ಸಾರ್, ಎ.ಸಿ. ಆಫ್ ಮಾಡ್ತೀನಿ, ಪಲಮನೇರು ಬಂದ್ಮೇಲೆ ಹಾಕೋಣ" ಎಂದು ಗುಂಡಿ ತಿರುಗಿಸುತ್ತಿದ್ದುದೂ ಇದೇ ಘಟ್ಟದಲ್ಲಿ.

ಕಾರಿನ ಹವಾನಿಯಂತ್ರಣಕ್ಕೆ ಎಷ್ಟು ಪೆಟ್ರೋಲು ಹಿಡಿಯುತ್ತದೆಂಬ ಪ್ರಶ್ನೆಯನ್ನು ನಾವೆಲ್ಲರೂ ಯಂತ್ರದ ಪ್ರಶ್ನೆಯೆಂದೇ ಭಾವಿಸಿ, ಉತ್ತರಕ್ಕಾಗಿ ಮೆಕ್ಯಾನಿಕ್ಕಿನ ಬಳಿಗೆ ಹೋಗುತ್ತೇವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂಬ ಈ ನಾಲ್ಕು ತಾಲ್ಲೂಕುಗಳ ರಸ್ತೆಗಳ ಪೂರ್ವವೃತ್ತಾಂತವನ್ನು ನೋಡಿದರೆ, ಅದು ಯಂತ್ರದ ಪ್ರಶ್ನೆಯಾಗಿರುವಷ್ಟೇ ದಾರಿಯ ಪ್ರಶ್ನೆಯೂ ಆಗಿದೆಯೆಂದು ನನಗೆ ತೋರುತ್ತದೆ. ದಾರಿಗೆ ನೆರಳುಂಟೆ, ಏರುಂಟೆ, ಅದರಲ್ಲಿ ಎಷ್ಟು ವೇಗವಾಗಿ ಸಾಗಬಹುದು ಎಂಬ ಮೂರು ಸಂಗತಿಗಳು ತಂಪಿನ ಬೆಲೆಯನ್ನು ನಿಶ್ಚಯಿಸುತ್ತ ಬಂದಿವೆ; ಯಂತ್ರವು ಆ ಬೆಲೆಯನ್ನು ಲೀಟರಿನಲ್ಲಿ ಬರೆದು ತೋರಿಸಿತಷ್ಟೆ.

ಕೋಲಾರದ ಬಿಸಿಲು ಬಳ್ಳಾರಿ ರಾಯಚೂರುಗಳ ಬಿಸಿಲಲ್ಲ. ಪೀಠಭೂಮಿಯ ಎತ್ತರದಲ್ಲಿರುವ ಕಾರಣ ಏಪ್ರಿಲ್ ಮೇ ತಿಂಗಳುಗಳ ನಡುಹಗಲಿನಲ್ಲಿಯೂ ಉಷ್ಣಮಾನವು ಸಾಮಾನ್ಯವಾಗಿ 35 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಸೂರ್ಯಾಸ್ತವಾದೊಡನೆ ಗಾಳಿ ತಣ್ಣಗಾಗುತ್ತದೆ. ಇಲ್ಲಿಯ ದಾರಿಹೋಕನನ್ನು ದಣಿಸಿದುದು ಸೆಕೆಗಿಂತ ಹೆಚ್ಚಾಗಿ ನೀರಿನ ಅಭಾವ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದೆ ಕೆರೆಗಳನ್ನೇ ನೆಚ್ಚಿ ಬಾಳಿದ ಸೀಮೆಯಿದು. ಆದುದರಿಂದ ಹಿಂದಿನವರು ತಂಪನ್ನು ಉತ್ಪಾದಿಸುವ ಗೋಜಿಗೆ ಹೋಗದೆ ಹೊತ್ತಿನಿಂದಲೇ ಅದನ್ನು ಪಡೆದರು. ರಾಗಿ, ಬೆಲ್ಲ, ಹುಣಸೆಹಣ್ಣುಗಳನ್ನು ಹೇರಿಕೊಂಡ ಬಂಡಿಗಳನ್ನು ರಾತ್ರಿಯೂಟವಾದ ಮೇಲೆ ಕಟ್ಟಿ, ಅಚ್ಚಿನ ಕೆಳಗೆ ಕಂದೀಲು ತೂಗಿಬಿಟ್ಟು, ಸಾಲಾಗಿ ನಡೆಸುತ್ತಿದ್ದರು. ಬಂಡಿಯವನು ತೂಕಡಿಸಿದರೂ ಎತ್ತುಗಳು ದಾರಿ ಬಿಡುತ್ತಿರಲಿಲ್ಲ. ಬಿಸಿಲೇರುವ ವೇಳೆಗೆ ಯಾವುದಾದರೊಂದು ತೋಪಿನಲ್ಲಿ ನೊಗ ಇಳಿಸಿ, ದನಗಳಿಗೆ ನೀರು ಕುಡಿಸಿ, ಮತ್ತೆ ಹೊತ್ತು ಇಳಿಯುವವರೆಗೂ ಮರದ ಬುಡದಲ್ಲಿ ಒರಗುತ್ತಿದ್ದರು. ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ದೇಶವನ್ನು ಪರಿಶೀಲಿಸಲು ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ನನು 1800ರ ಮೇ ತಿಂಗಳಲ್ಲಿ ಬೇತಮಂಗಲ, ಟೇಕಲ್ಲುಗಳ ಮಾರ್ಗವಾಗಿ, ಎಂದರೆ ಇಂದಿನ ಮಾಲೂರು ತಾಲ್ಲೂಕನ್ನು ಹಾದು, ಬೆಂಗಳೂರಿಗೆ ಬಂದದ್ದು ಇಂತಹ ನಡಿಗೆಯ ವೇಗದಲ್ಲಿಯೇ. ದಿನಕ್ಕೊಂದು ಮಜಲು ಮಾತ್ರ ಸಾಗುತ್ತಿದ್ದುದರಿಂದಲೇ ಹೊಲದ ಮಣ್ಣನ್ನೂ ಕೆರೆಯ ತೂಬನ್ನೂ ಕಣ್ಣಿಟ್ಟು ನೋಡಿ ಬರೆಯುವಷ್ಟು ಬಿಡುವು ಅವನಿಗೆ ದೊರೆಯಿತು.

ಹಗಲಿನಲ್ಲಿ ನಡೆಯಲೇಬೇಕಾದವರಿಗೆ ಎರಡು ಆಶ್ರಯಗಳಿದ್ದುವು: ಸಾಲುಮರ ಮತ್ತು ಅರವಟ್ಟಿಗೆ. ಬೇಸಗೆಯಲ್ಲಿ ತೆಂಗಿನ ಗರಿಯ ಚಪ್ಪರವೊಂದನ್ನು ರಸ್ತೆಯ ಅಂಚಿನಲ್ಲಿ ನಿಲ್ಲಿಸಿ, ಮರಳು ಹಾಸಿ, ಆ ಮರಳಿಗೆ ನೀರು ಚಿಮುಕಿಸಿ, ಅದರಲ್ಲಿ ಕುತ್ತಿಗೆಯವರೆಗೆ ಮಣ್ಣಿನ ಹರವಿಗಳನ್ನು ಹೂತು, ಬೆಲ್ಲದ ಪಾನಕವನ್ನೋ ಶುಂಠಿ ಕರಿಬೇವು ಹಾಕಿದ ನೀರುಮಜ್ಜಿಗೆಯನ್ನೋ ದಾರಿಹೋಕರಿಗೆ ಧರ್ಮಾರ್ಥವಾಗಿ ಕೊಡುವ ಪದ್ಧತಿಯದು. ಹರವಿಯ ಮೈಯಿಂದ ಜಿನುಗಿದ ನೀರು ಆವಿಯಾಗುತ್ತ ಒಳಗಿನ ನೀರಿನ ಬಿಸಿಯನ್ನು ತನ್ನೊಡನೆ ಒಯ್ಯುತ್ತದೆ. ಇಂದಿನ ಕಾರಿನ ತಣಿಪುಯಂತ್ರದೊಳಗೆ ನಡೆಯುವುದೂ ತತ್ತ್ವತಃ ಇದೇ ವ್ಯಾಪಾರ. ಆದರೆ ಆ ಧರ್ಮಕ್ಕೂ ಒಂದು ಕಳಂಕವಿತ್ತೆಂಬುದನ್ನು ಮರೆಮಾಚಬಾರದು. ಕೆಳಜಾತಿಯೆನಿಸಿದವರಿಗೆ ಪಾತ್ರೆ ಮುಟ್ಟಗೊಡದೆ ದೂರದಿಂದ ಬಿದಿರಿನ ಕೊಳವೆಯಲ್ಲಿ ನೀರು ಹೊಯ್ಯುತ್ತಿದ್ದ ಅರವಟ್ಟಿಗೆಗಳು ಈ ದೇಶದಲ್ಲಿ ಅಪರೂಪವಾಗಿರಲಿಲ್ಲ. ಸಾಲುಮರದ ನೆರಳು ಮಾತ್ರ ಯಾರ ಜಾತಿಯನ್ನೂ ಕೇಳಲಿಲ್ಲ.

ಆ ಸಾಲುಮರಗಳ ವಿಚಾರವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ ಮೈಸೂರು ಸೀಮೆಯ ಹೆದ್ದಾರಿಗಳು ವ್ಯವಸ್ಥಿತವಾಗಿ ನಿರ್ಮಾಣಗೊಂಡುವು. ಅವುಗಳ ಇಕ್ಕೆಲದಲ್ಲಿ ಹುಣಸೆ, ಹೊಂಗೆ, ಬೇವು, ಆಲ, ನೇರಳೆ ಮರಗಳನ್ನು ನೆಟ್ಟು ಬೆಳೆಸುವುದು ಆಗಿನ ಹಾಗೂ ಮುಂದಿನ ಸರ್ಕಾರಗಳ ರೂಢಿಯಾಯಿತು. ಕೋಲಾರದ ಕಡೆಯಲ್ಲಿ ಹುಣಸೆಗೆ ವಿಶೇಷ ಪ್ರಾಶಸ್ತ್ಯ. ಬರವನ್ನು ತಾಳಿಕೊಳ್ಳುವ, ಕೊಂಬೆಗಳನ್ನು ರಸ್ತೆಯ ಮೇಲೆ ಕಮಾನಿನಂತೆ ಚಾಚುವ, ಬೇಸಗೆಯಲ್ಲಿಯೂ ಬೋಳಾಗದ ಈ ಮರವು ನೆರಳಿಗೆಂದೇ ಸೃಷ್ಟಿಯಾದಂತಿದೆ. ಪ್ರತಿವರ್ಷವೂ ರಸ್ತೆಬದಿಯ ಹುಣಸೆಯ ಫಸಲನ್ನು ಹರಾಜು ಹಾಕುತ್ತಿದ್ದರು. ಗುತ್ತಿಗೆ ಹಿಡಿದವರು ಫೆಬ್ರವರಿ ಮಾರ್ಚಿನಲ್ಲಿ ಗಳುಗಳನ್ನು ಹಿಡಿದು ಬಂದು ಕಾಯಿ ಬಡಿದು, ಮರದಡಿಯಲ್ಲಿಯೇ ಹೆಂಗಸರನ್ನು ಕೂರಿಸಿ ಸಿಪ್ಪೆ ಬಿಡಿಸುತ್ತಿದ್ದರು. ದಾರಿಯನ್ನು ತಂಪಾಗಿಡುವ ಸಾಧನವೊಂದು ವೆಚ್ಚವನ್ನು ತರುವ ಬದಲು ಬೊಕ್ಕಸಕ್ಕೆ ವರಮಾನವನ್ನು ತರುತ್ತಿದ್ದ ಈ ಏರ್ಪಾಟಿಗೆ ಸರಿಸಮನಾದುದನ್ನು ನಮ್ಮ ಕಾಲದ ಯಾವ ಎಂಜಿನಿಯರೂ ಇನ್ನೂ ಕಟ್ಟಿಕೊಟ್ಟಿಲ್ಲ.

1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲುದಾರಿ ತೆರೆದು ಮಾಲೂರು, ಟೇಕಲ್ಲುಗಳಿಗೆ ನಿಲ್ದಾಣಗಳಾದುವು. ಮದರಾಸಿನ ಭಾರೀ ಸರಕು ಬಂಡಿಯನ್ನು ಬಿಟ್ಟು ಉಗಿಬಂಡಿಯನ್ನು ಹಿಡಿಯಿತು. 1913ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಎರಡೂವರೆ ಅಡಿ ಅಂತರದ ಕಿರುಹಳಿ ಬಂತು. ಕೆಲವೇ ವರ್ಷಗಳಲ್ಲಿ ಅದು ಶ್ರೀನಿವಾಸಪುರ, ಚಿಂತಾಮಣಿಗಳನ್ನು ಹಾದು ಚಿಕ್ಕಬಳ್ಳಾಪುರವನ್ನು ಮುಟ್ಟಿತು. ಕಿಟಕಿಯಲ್ಲಿ ಕೈಯಿಟ್ಟು ಕುಳಿತವನಿಗೆ ಗಾಳಿಯೊಡನೆ ಇದ್ದಿಲ ಕಿಡಿಯೂ ಬರುತ್ತಿತ್ತು. ರೈಲಿನ ಕಥೆ ಬೇರೆಯೇ ಆದುದರಿಂದ ಅಷ್ಟಕ್ಕೇ ಬಿಡೋಣ.

ಮೋಟಾರು ಬಂದ ಮೊದಲ ಕಾಲದಲ್ಲಿ ಅದಕ್ಕೆ ಮೈಮುಚ್ಚುವ ಗೋಡೆಯೇ ಇರಲಿಲ್ಲ. ಕ್ಯಾನ್ವಾಸಿನ ಮುಸುಕು, ಮೇಲಕ್ಕೆತ್ತಬಹುದಾದ ಮುಂಗಾಜು, ಎರಡೂ ಕಡೆ ಬಯಲು; ತಂಪಿಗೆ ಕೊರತೆಯಿರಲಿಲ್ಲ, ಧೂಳಿಗೂ ಇರಲಿಲ್ಲ. ಕುಡಿಯುವ ನೀರಿಗಾಗಿ ದಪ್ಪ ಕ್ಯಾನ್ವಾಸಿನ ಚೀಲವೊಂದನ್ನು ಮುಂಬದಿಯಲ್ಲಿಯೋ ಕನ್ನಡಿಯ ಕಡ್ಡಿಗೋ ತೂಗಿಹಾಕುವುದು ಲಾರಿ ಮತ್ತು ಕಾರುಗಳ ಸಾಮಾನ್ಯ ಅಲಂಕಾರವಾಗಿತ್ತು; ಗಾಡಿ ಓಡಿದಷ್ಟೂ ಗಾಳಿ ಬೀಸಿ, ಬಟ್ಟೆಯ ಹೊರಮೈ ಆರಿ, ಒಳಗಿನ ನೀರು ತಣಿಯುತ್ತಿತ್ತು. ವೇಗದಿಂದ ತಂಪನ್ನು ಪುಕ್ಕಟೆಯಾಗಿ ಪಡೆದ ಉಪಾಯವದು. ಅನಂತರ ಬಂದ ಅಂಬಾಸಡರ್, ಪದ್ಮಿನಿ ಕಾರುಗಳಲ್ಲಿ ಮುಂಬಾಗಿಲಿನ ಗಾಜಿನ ಅಂಚಿಗೆ ತ್ರಿಕೋನಾಕಾರದ ಕಿರುಗಾಜೊಂದು ಇರುತ್ತಿದ್ದುದನ್ನು ಐವತ್ತು ದಾಟಿದ ಓದುಗರು ಮರೆತಿರಲಾರರು. ಅದನ್ನು ಹೊರಕ್ಕೆ ತಿರುಗಿಸಿದರೆ ಓಡುವ ಕಾರಿನ ಗಾಳಿಯೆಲ್ಲ ಒಟ್ಟುಗೂಡಿ ಎದೆಯ ಮೇಲೆಯೇ ಬಂದು ಬೀಳುತ್ತಿತ್ತು. ಹವಾನಿಯಂತ್ರಣವು ಬಂದೊಡನೆ ಆ ಕಿರುಗಾಜನ್ನು ಕಾರ್ಖಾನೆಗಳು ಕೈಬಿಟ್ಟುವು. ನನ್ನ ಮಟ್ಟಿಗೆ ಅದೊಂದು ಅವಸರದ ತೀರ್ಮಾನ.

ಇಂಧನದ ಬೆಲೆಯನ್ನು ಈ ಸೀಮೆಯ ಜನ ಪ್ರಯಾಣದಲ್ಲಿ ಮೈಮುಟ್ಟಿ ಅರಿತದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಪೆಟ್ರೋಲಿಗೆ ಪಡಿತರ ಬಂದಾಗ ದಕ್ಷಿಣ ದೇಶದ ಇತರ ಕಡೆಗಳಂತೆ ಮೈಸೂರು ಸಂಸ್ಥಾನದ ಬಸ್ಸುಗಳೂ ಇದ್ದಿಲಿನ ಗ್ಯಾಸಿಗೆ ತಿರುಗಿದುವು. ಬಸ್ಸಿನ ಬೆನ್ನಿಗೆ ಆಳೆತ್ತರದ ಉಕ್ಕಿನ ಉರುಳೆಯೊಂದನ್ನು ಬಿಗಿದು, ಅದರೊಳಗೆ ಇದ್ದಿಲು ತುಂಬಿ, ಸಾಕಷ್ಟು ಗಾಳಿಯಾಡದಂತೆ ಉರಿಸಿದರೆ ಇಂಗಾಲದ ಮಾನಾಕ್ಸೈಡು ಹುಟ್ಟುತ್ತದೆ; ಆ ಅನಿಲವನ್ನು ಶೋಧಿಸಿ, ತಣಿಸಿ, ಎಂಜಿನ್ನಿಗೆ ಊಡಬೇಕು. ಹೊರಡುವುದಕ್ಕೆ ಅರ್ಧಗಂಟೆ ಮೊದಲೇ ಕ್ಲೀನರು ಒಲೆ ಹೊತ್ತಿಸಿ, ಕೈಯಿಂದ ತಿರುಗಿಸುವ ಬೀಸಣಿಗೆಯಿಂದ ಗಾಳಿ ಹಾಕುತ್ತ ನಿಲ್ಲಬೇಕಾಗಿತ್ತು. ಹಿಂದಿನ ಸಾಲಿನಲ್ಲಿ ಕುಳಿತವರ ಬೆನ್ನು ಬೇಯುತ್ತಿತ್ತು. ಪೆಟ್ರೋಲಿನಲ್ಲಿ ದೊರೆಯುತ್ತಿದ್ದ ಬಲದಲ್ಲಿ ಮೂರರಲ್ಲೊಂದು ಪಾಲು, ಕೆಲವೊಮ್ಮೆ ಅರ್ಧದಷ್ಟು, ಹೀಗೆ ನಷ್ಟವಾಗುತ್ತಿದ್ದುದರಿಂದ, ಏರು ಬಂದಾಗ ಗಂಡಸರೆಲ್ಲ ಇಳಿದು ನಡೆಯುವುದು, ಅಗತ್ಯವಾದರೆ ಹಿಂದಿನಿಂದ ನೂಕುವುದು, ಟಿಕೇಟಿನೊಡನೆ ಬಂದ ಕರ್ತವ್ಯವೆಂದೇ ಜನ ಒಪ್ಪಿಕೊಂಡಿದ್ದರು. ಇಂದು ಚಾಲಕನು ಏರಿನಲ್ಲಿ ಎ.ಸಿ. ನಿಲ್ಲಿಸುವುದೂ ಅಂದು ಪ್ರಯಾಣಿಕರನ್ನು ಇಳಿಸುತ್ತಿದ್ದುದೂ ಒಂದೇ ಗಣಿತದ ಎರಡು ಉದಾಹರಣೆಗಳು: ಎಂಜಿನ್ನಿನಲ್ಲಿರುವ ಬಲವಿಷ್ಟೇ, ಏರಿಗೆ ಅದು ಸಾಲದಾದಾಗ ಬೇರೊಂದು ಹೊರೆಯನ್ನು ಇಳಿಸಲೇಬೇಕು.

ಹವಾನಿಯಂತ್ರಣವೆಂಬುದು ಈ ಜಿಲ್ಲೆಗೆ ಕಾರಿನೊಡನೆ ಬಂದ ವಿಲಾಸವೆಂದು ಯಾರಾದರೂ ತಿಳಿದಿದ್ದರೆ, ಅವರು ಬಂಗಾರಪೇಟೆಯ ಆಚೆಗೆ ನಾಲ್ಕು ಹೆಜ್ಜೆ ಹಾಕಬೇಕು. ಕೋಲಾರ ಚಿನ್ನದ ಗಣಿಗಳು ಆಳವಾದಂತೆಲ್ಲ ಭೂಗರ್ಭದ ಬಂಡೆಯ ಉಷ್ಣವು ಏರುತ್ತ, 3 ಕಿಲೋಮೀಟರಿಗೂ ಮಿಗಿಲಾದ ಆಳವನ್ನು ಮುಟ್ಟಿದ ಚಾಂಪಿಯನ್ ರೀಫಿನಲ್ಲಿ 60 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿತು. ಅಲ್ಲಿ ಮನುಷ್ಯನು ಕೆಲಸ ಮಾಡುವುದಿರಲಿ, ನಿಲ್ಲುವುದೂ ದುಸ್ಸಾಧ್ಯವಾದಾಗ, ಗಾಳಿಯನ್ನು ಯಂತ್ರಗಳಿಂದ ತಣಿಸಿ ಆಳಕ್ಕೆ ಕಳುಹಿಸುವ ಏರ್ಪಾಟನ್ನು ಸ್ವಾತಂತ್ರ್ಯ ಬರುವುದಕ್ಕೆ ಮೊದಲೇ ಗಣಿಯವರು ಮಾಡಿಕೊಂಡರು. ಅದಕ್ಕೆ ಬೇಕಾದ ಶಕ್ತಿ ಶಿವನಸಮುದ್ರದಿಂದ ಬರುತ್ತಿತ್ತು. ಕಾವೇರಿಯ ಜಲಪಾತದಿಂದ 92 ಮೈಲಿ ದೂರದ ಗಣಿಗಳಿಗೆ ವಿದ್ಯುತ್ತು ಹರಿದದ್ದು 1902ರ ಜೂನ್ ಕೊನೆಯಲ್ಲಿ. ಅಮೆರಿಕದಲ್ಲಿ ವಿಲ್ಲಿಸ್ ಕ್ಯಾರಿಯರನು ಒಂದು ಅಚ್ಚುಕೂಟದ ತೇವವನ್ನು ನಿಯಂತ್ರಿಸಲೆಂದು ಮೊತ್ತಮೊದಲ ಆಧುನಿಕ ಹವಾನಿಯಂತ್ರಣ ಯಂತ್ರದ ನಕ್ಷೆಯನ್ನು ಸಿದ್ಧಪಡಿಸಿದುದು ಅದೇ ವರ್ಷದ ಜುಲೈಯಲ್ಲಿ. ಈ ಎರಡು ಘಟನೆಗಳಿಗೆ ಪರಸ್ಪರ ಸಂಬಂಧವೇನೂ ಇಲ್ಲ. ಆದರೂ ಕೋಲಾರದವರು ಅದನ್ನು ಹೇಳಿಕೊಂಡು ಹಿಗ್ಗಿದರೆ ತಪ್ಪೆನ್ನಲಾರೆ.

ಕಾರಿಗೆ ಈ ಯಂತ್ರವನ್ನು ಕಾರ್ಖಾನೆಯಲ್ಲಿಯೇ ಜೋಡಿಸಿ ಮಾರಿದವರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಂಪನಿಯವರು ಮೊದಲಿಗರು. 1940ರ ಮಾದರಿಯಲ್ಲಿ ಅದು ಬಂತು. ಅದರ ಕಂಪ್ರೆಸರನ್ನು ಬೇಕಾದಾಗ ಹೂಡಿ ಬೇಡವಾದಾಗ ಬಿಡಿಸುವ ಕ್ಲಚ್ಚು ಇರಲಿಲ್ಲವಾದುದರಿಂದ, ಚಳಿಗಾಲದಲ್ಲಿ ಕಾರಿನ ಮಾಲೀಕನು ಬಾನೆಟ್ಟು ತೆರೆದು ಬೆಲ್ಟನ್ನೇ ಕಳಚಿಡಬೇಕಾಗಿತ್ತು. ನಮ್ಮಲ್ಲಿ ಬಹುಕಾಲ ಇದು ಮಂತ್ರಿಮಾನ್ಯರ ಮತ್ತು ದೊಡ್ಡ ವ್ಯಾಪಾರಿಗಳ ಅಂಬಾಸಡರುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ತಗುಲಿಹಾಕಿದ ಪೆಟ್ಟಿಗೆಯಾಗಿಯೇ ಉಳಿಯಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಮಾರುಕಟ್ಟೆಗೆ ಬಂದು, ಅದರಲ್ಲಿ ಎ.ಸಿ. ಇರುವ ಮಾದರಿಯೂ ದೊರೆಯತೊಡಗಿದ ಮೇಲೆ ಮಧ್ಯಮವರ್ಗದ ಮನೆಗಳಲ್ಲಿ ಈ ವಿಷಯ ಚರ್ಚೆಗೆ ಬಂತು. ಅದುವರೆಗೂ "ಲೀಟರಿಗೆ ಎಷ್ಟು ಕೊಡುತ್ತೆ?" ಎಂಬ ಒಂದೇ ಪ್ರಶ್ನೆಯಿದ್ದ ಕಡೆಯಲ್ಲಿ "ಎ.ಸಿ. ಹಾಕಿದ್ರೆ ಎಷ್ಟು ಕೊಡುತ್ತೆ?" ಎಂಬ ಎರಡನೆಯ ಪ್ರಶ್ನೆ ಹುಟ್ಟಿತು.

ಆ ಪ್ರಶ್ನೆಗೆ ಕಾರಣವಾದ ಯಂತ್ರದ ಕೆಲಸವನ್ನು ಸಂಕ್ಷೇಪವಾಗಿ ಹೇಳಬಹುದು. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರು ಒಂದು ಅನಿಲವನ್ನು ಒತ್ತಿ ಬಿಸಿಯಾಗಿಸುತ್ತದೆ; ರೇಡಿಯೇಟರಿನ ಮುಂದಿರುವ ಜಾಲರಿಯಲ್ಲಿ ಆ ಬಿಸಿಯು ಹೊರಗಾಳಿಗೆ ಹೋಗಿ ಅನಿಲವು ದ್ರವವಾಗುತ್ತದೆ; ಕಿರಿದಾದ ರಂಧ್ರವೊಂದನ್ನು ದಾಟಿ ಒಮ್ಮೆಲೇ ಹಿಗ್ಗಿದಾಗ ಆ ದ್ರವವು ಆವಿಯಾಗುತ್ತ ಕಾರಿನೊಳಗಿನ ಗಾಳಿಯ ಉಷ್ಣವನ್ನು ಹೀರಿಕೊಳ್ಳುತ್ತದೆ. ಅರವಟ್ಟಿಗೆಯ ಹರವಿಯಲ್ಲಿ ಆವಿಯಾದ ನೀರು ಮರಳಿ ಬರುತ್ತಿರಲಿಲ್ಲ. ಇಲ್ಲಿ ಆವಿಯಾದುದನ್ನು ಹಿಡಿದು ಮತ್ತೆ ಒತ್ತಬೇಕು, ಒತ್ತುವುದಕ್ಕೆ ಬಲ ಬೇಕು, ಬಲಕ್ಕೆ ಪೆಟ್ರೋಲು ಬೇಕು. ಸಣ್ಣ ಕಾರಿನ ಕಂಪ್ರೆಸರು ಪೂರ್ತಿ ಹೊರೆಯಲ್ಲಿ ಮೂರು ನಾಲ್ಕು ಅಶ್ವಶಕ್ತಿಯನ್ನು ಬೇಡುವುದುಂಟು. ಇನ್ನೂರು ಅಶ್ವಶಕ್ತಿಯ ಅಮೆರಿಕದ ಕಾರಿಗೆ ಅದು ತೃಣಸಮಾನ, 796 ಸಿ.ಸಿ.ಯ, ನಲವತ್ತು ಅಶ್ವಶಕ್ತಿಯನ್ನೂ ಮುಟ್ಟದ ಮಾರುತಿಗಾದರೋ ಹತ್ತರಲ್ಲೊಂದು ಪಾಲು. ಕಂಪ್ರೆಸರಿನ ಕ್ಲಚ್ಚು 'ಟಕ್' ಎಂದು ಕಚ್ಚಿಕೊಂಡಾಗ ಇಡೀ ಕಾರು ಒಮ್ಮೆ ಮೈ ಜಗ್ಗುತ್ತಿದ್ದುದನ್ನು ಅದನ್ನು ಓಡಿಸಿದವರೆಲ್ಲ ಬಲ್ಲರು. ಮೊಗಿಲಿ ಘಟ್ಟದಲ್ಲಿ ಎದುರಿನ ಲಾರಿಯನ್ನು ಹಿಂದೆ ಹಾಕಬೇಕಾದರೆ ಆ ಹತ್ತನೆಯ ಪಾಲನ್ನು ಮರಳಿ ಕೇಳಿ ಪಡೆಯದೆ ಗತಿಯಿರಲಿಲ್ಲ.

ತಿರುಪತಿಯ ಯಾತ್ರೆಯು ಈ ದಾರಿಯ ಜೀವನಾಡಿ. ತಿರುಮಲೆಗೆ ಹೋಗುವವರು ಮೊದಲು ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಮಿಂದು, ಊರಿನ ಆಂಜನೇಯನಿಗೆ ಕೈಮುಗಿದು ಮುಂದುವರಿಯಬೇಕೆಂಬ ಆಚಾರ ಹಿಂದಿನಿಂದಲೂ ಇತ್ತು. ಆ ಸ್ನಾನವು ಪುಣ್ಯಕ್ಕೆಷ್ಟೋ ದಾರಿಯ ದಣಿವಿಗೂ ಅಷ್ಟೇ ಪರಿಹಾರವಾಗಿದ್ದಿರಬೇಕು. 1990ರ ದಶಕದಿಂದ ಈಚೆಗೆ ಸುಮೋ, ಇಂಡಿಕಾ, ಬಿಡದಿಯಲ್ಲಿ ತಯಾರಾದ ಕ್ವಾಲಿಸ್ ಮೊದಲಾದ ಡೀಸೆಲ್ ಬಾಡಿಗೆ ವಾಹನಗಳು ಈ ಯಾತ್ರೆಯನ್ನು ವಹಿಸಿಕೊಂಡಾಗ, ಟ್ರಾವೆಲ್ಸಿನವರ ದರಪಟ್ಟಿಯಲ್ಲಿ 'ಎ.ಸಿ.' 'ನಾನ್ ಎ.ಸಿ.' ಎಂಬ ಎರಡು ಅಂಕಣಗಳು ಕಾಣಿಸಿಕೊಂಡುವು. ತಂಪಿಗೆ ಕಿಲೋಮೀಟರಿನ ಲೆಕ್ಕದಲ್ಲಿ ಬಹಿರಂಗವಾಗಿ ಬೆಲೆ ಕಟ್ಟಿದ ಮೊದಲ ದಾಖಲೆಗಳೆಂದು ನಾನು ಅವನ್ನೇ ಪರಿಗಣಿಸುತ್ತೇನೆ. ನಾನ್ ಎ.ಸಿ. ಎಂದು ಗೊತ್ತುಮಾಡಿಕೊಂಡು ಹೊರಟ ಕುಟುಂಬದ ಹಿರಿಯಾಕೆ ಮಧ್ಯಾಹ್ನದ ಹೊತ್ತಿಗೆ "ಮಗು ಬೆವರ್ತಾ ಐತೆ, ಸ್ವಲ್ಪ ಹಾಕಪ್ಪ" ಎನ್ನುವುದೂ, ಚಾಲಕನು "ಓನರ್ ಡೀಸಲ್ ಲೆಕ್ಕ ಕೇಳ್ತಾರಮ್ಮ" ಎನ್ನುವುದೂ, ಮುಳಬಾಗಿಲಿನಲ್ಲಿ ದೋಸೆಗೆ ನಿಲ್ಲಿಸಿದಾಗ ಆ ವಿವಾದ ರಾಜಿಯಾಗುವುದೂ ನಿತ್ಯದ ವಿದ್ಯಮಾನಗಳು.

ಸುಮಾರು 2010ರ ವೇಳೆಗೆ ಹೊಸಕೋಟೆಯಿಂದ ಮುಳಬಾಗಿಲಿನವರೆಗಿನ ಹೆದ್ದಾರಿ ನಾಲ್ಕು ಪಥಗಳಾಯಿತು; ಕೋಲಾರ ಮುಳಬಾಗಿಲುಗಳು ಬೈಪಾಸಿನ ಪಕ್ಕಕ್ಕೆ ಸರಿದುವು; ಅಗಲಕ್ಕೆ ಅಡ್ಡಬಂದ ಸಾಲುಮರಗಳು ಉರುಳಿದುವು. ಅದಕ್ಕೆ ಮೊದಲೇ ಇನ್ನೊಂದು ಪಲ್ಲಟ ನಡೆದಿತ್ತು. ಸಾಮಾಜಿಕ ಅರಣ್ಯದ ಉತ್ಸಾಹದಲ್ಲಿ 1980ರ ದಶಕದಿಂದ ಈ ಜಿಲ್ಲೆಯ ಬಯಲು, ಕೆರೆಯಂಗಳ, ರಸ್ತೆಬದಿಗಳೆಲ್ಲ ನೀಲಗಿರಿಯಿಂದ ತುಂಬಿದುವು. ಮಾಲೂರಿನ ಕಡೆಗೆ ಹೋದವರ ಕಣ್ಣಿಗೆ ಹಂಚು ಇಟ್ಟಿಗೆಗಳ ಗೂಡುಗಳನ್ನು ಬಿಟ್ಟರೆ ನೀಲಗಿರಿಯೇ ಕಾಣುತ್ತಿತ್ತು. ಎಲೆಯನ್ನು ಕೆಳಮುಖವಾಗಿ ಇಳಿಬಿಟ್ಟು ನಿಲ್ಲುವ ಈ ಮರದ ಕೆಳಗೆ ಒಂದು ಎಮ್ಮೆಯೂ ನೆರಳೆಂದು ಮಲಗದು. ಅಂತರ್ಜಲದ ಚಿಂತೆಯಿಂದ ಸರ್ಕಾರವು 2017ರಲ್ಲಿ ಅದನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು. ನೆರಳಿನ ನಷ್ಟವನ್ನು ಮಾತ್ರ ಆಗಲೂ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹುಣಸೆಯ ಕಮಾನಿನಡಿಯಲ್ಲಿ ಗಂಟೆಗೆ 50 ಕಿಲೋಮೀಟರಿನಂತೆ ಕಿಟಕಿ ತೆರೆದು ಹೋಗುತ್ತಿದ್ದವನು, ಬಯಲಿನ ಡಾಂಬರಿನ ಮೇಲೆ 90ರಲ್ಲಿ ಹೋಗತೊಡಗಿದಾಗ, ಅವನ ಕಾರೂ ಕೋಲಾರದ ಹವೆಯೂ ಹಿಂದಿನಂತೆಯೇ ಇದ್ದರೂ, ತಂಪಿನ ಲೆಕ್ಕ ಮಾತ್ರ ಬದಲಾಗಿಹೋಯಿತು.

ಹೇಗೆ ಬದಲಾಯಿತೆಂಬುದನ್ನು ಅಂಕಿಗಳಲ್ಲಿ ನೋಡೋಣ. ಕಂಪ್ರೆಸರಿನ ಹಸಿವು ಕಾರಿನ ವೇಗವನ್ನು ಅಷ್ಟಾಗಿ ಅವಲಂಬಿಸುವುದಿಲ್ಲ; ಅದು ಗಂಟೆಯ ಲೆಕ್ಕದಲ್ಲಿ ತಿನ್ನುತ್ತದೆ. ಗಂಟೆಗೆ ಅರ್ಧ ಲೀಟರು ಎಂದಿಟ್ಟುಕೊಳ್ಳೋಣ. ಲೀಟರಿಗೆ 18 ಕಿಲೋಮೀಟರು ಕೊಡುವ ಕಾರು ಒಂದು ಗಂಟೆಯಲ್ಲಿ 80 ಕಿಲೋಮೀಟರು ಸಾಗಿದರೆ, ಆ ಅರ್ಧ ಲೀಟರು ಅಷ್ಟು ದೂರಕ್ಕೆ ಹಂಚಿಹೋಗಿ, ಮೈಲೇಜು 16ರ ಆಸುಪಾಸಿಗೆ ಇಳಿಯುತ್ತದೆ. ಅದೇ ಕಾರು ಕೃಷ್ಣರಾಜಪುರದ ಸೇತುವೆಯ ಬಳಿ ಸಂಜೆಯ ಜನಜಂಗುಳಿಯಲ್ಲಿ ಸಿಕ್ಕಿ ಗಂಟೆಗೆ 20 ಕಿಲೋಮೀಟರು ತೆವಳಿದರೆ, ಉಳಿದುದೆಲ್ಲ ಸಮನಾಗಿದ್ದರೂ, ಮೈಲೇಜು 12ಕ್ಕೆ ಕುಸಿಯುತ್ತದೆ. ಅತ್ತ ಕಿಟಕಿಯ ಲೆಕ್ಕವೇ ಬೇರೆ. ಗಾಳಿಯ ಪ್ರತಿರೋಧವು ವೇಗದ ವರ್ಗವನ್ನನುಸರಿಸಿ ಬೆಳೆಯುತ್ತದೆ. 50ರಲ್ಲಿ ಇದ್ದುದು 100ರಲ್ಲಿ ನಾಲ್ಕು ಪಟ್ಟಾಗುತ್ತದೆ. ತೆರೆದ ಕಿಟಕಿ ಆ ಪ್ರತಿರೋಧವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಆದುದರಿಂದ ನಿಧಾನದಲ್ಲಿ ಕಿಟಕಿ ಮಿತವ್ಯಯಿ. ವೇಗ ಹೆಚ್ಚಿದಂತೆ ಅದರ ಲಾಭ ಕರಗುತ್ತ ಹೋಗಿ, ಒಂದು ಹಂತದಲ್ಲಿ, ಕಾರಿನ ಆಕಾರವನ್ನನುಸರಿಸಿ, ಮುಚ್ಚಿದ ಕಿಟಕಿ ಮತ್ತು ಎ.ಸಿ.ಯೇ ಮೇಲಾಗುವುದೂ ಉಂಟು. ಪೆಟ್ರೋಲಿಯಂ ಉಳಿತಾಯದ ಸರ್ಕಾರಿ ಸಂಸ್ಥೆಯು ಗಂಟೆಗೆ 45ರಿಂದ 55 ಕಿಲೋಮೀಟರಿನ ವೇಗವೇ ಉತ್ತಮವೆಂದು ಬಹುಕಾಲದಿಂದ ಬೋಧಿಸುತ್ತ ಬಂದಿದೆ. ಆ ವೇಗಕ್ಕೆ ತಕ್ಕ ಹಳೆಯ ರಸ್ತೆಗೆ ನೆರಳಿತ್ತು, ಕಿಟಕಿಯೇ ಸಾಕಾಗಿತ್ತು. ಬೋಧನೆ ಹಾಗೆಯೇ ಉಳಿದು ರಸ್ತೆ ಮಾತ್ರ ಬೇರೆಯಾಯಿತು.

ಕಾರು ಮಾರುವವರು ಹೇಳುವ ಮೈಲೇಜಿನ ಅಂಕಿಯೂ ಇಲ್ಲಿ ನಮ್ಮ ನೆರವಿಗೆ ಬಾರದು. ಈ ದೇಶದಲ್ಲಿ ಆ ಅಂಕಿಯನ್ನು ನಿರ್ಧರಿಸಿದ ಪ್ರಯೋಗಶಾಲೆಯ ಪರೀಕ್ಷೆಯನ್ನು ಎ.ಸಿ.ಯನ್ನು ನಿಲ್ಲಿಸಿಯೇ ನಡೆಸುವುದು ವಾಡಿಕೆಯಾಗಿ ಬಂದಿದೆ. ಬಿಸಿಲಿಲ್ಲದ, ಏರಿಲ್ಲದ, ಗಾಳಿಯಿಲ್ಲದ ಆ ಕೋಣೆಯ ಅಂಕಿಯನ್ನು ನಂಬಿ ಕೋಲಾರದ ಏಪ್ರಿಲಿನಲ್ಲಿ ಕಾರು ಕೊಂಡವನು ಅನಂತರ ಪೆಟ್ರೋಲು ಬಂಕಿನವನನ್ನು ಸಂಶಯಿಸುವುದು ನ್ಯಾಯವಲ್ಲ.

ಈಗ ಮಾಲೂರಿನ ಸರದಿ ಬಂದಿದೆ. ಹೊಸಕೋಟೆಯಿಂದ ಹೊರಟು ಮಾಲೂರು, ಬಂಗಾರಪೇಟೆ, ಬೇತಮಂಗಲಗಳ ಪಕ್ಕದಲ್ಲಿ ಸಾಗುವ ಬೆಂಗಳೂರು ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯನ್ನು ಗಂಟೆಗೆ 120 ಕಿಲೋಮೀಟರಿನ ವೇಗಕ್ಕೆಂದೇ ರೂಪಿಸಿದ್ದಾರೆ. ಕರ್ನಾಟಕದ ಭಾಗ ಸುಮಾರು 71 ಕಿಲೋಮೀಟರು. ಬುಕಾನನ್ನನು ಮಜಲು ಮಜಲಾಗಿ ನಡೆದ ನಾಡನ್ನೇ ಅದು ಸೀಳಿಕೊಂಡು ಹೋಗುತ್ತದೆ. ಅಲ್ಲಿ ಕಿಟಕಿ ತೆರೆಯುವ ಪ್ರಶ್ನೆಯೇ ಏಳುವುದಿಲ್ಲ; ತೆರೆದರೆ ಮಾತು ಕೇಳಿಸದು, ಉಸಿರು ಕಟ್ಟುತ್ತದೆ, ಎಂಜಿನ್ನಿನ ಹೊರೆಯೂ ಬೆಳೆಯುತ್ತದೆ. ಒಂದು ಕಾಲದಲ್ಲಿ ಆಯ್ಕೆಯಾಗಿದ್ದ ಎ.ಸಿ.ಯನ್ನು ಇಂತಹ ರಸ್ತೆ ಅನಿವಾರ್ಯವಾಗಿಸಿದೆ. ಹಳೆಯ ಪದ್ಧತಿಯ ನೆರಳು ಉಳಿದಿರುವುದು ಶ್ರೀನಿವಾಸಪುರದ ಒಳದಾರಿಗಳಲ್ಲಿ. ಅಲ್ಲಿ ಎರಡೂ ಕಡೆ ಮಾವಿನ ತೋಟಗಳು. ಸರ್ಕಾರ ನೆಟ್ಟ ಸಾಲಲ್ಲ, ರೈತನ ಆಸ್ತಿ. ಬೇಲಿಯಾಚೆಗೂ ಚಾಚಿದ ಕೊಂಬೆಗಳ ಕೆಳಗೆ ಮೇ ತಿಂಗಳಲ್ಲಿಯೂ ಗಾಜು ಇಳಿಸಿಕೊಂಡು ಸುಖವಾಗಿ ಹೋಗಬಹುದು. ವೇಗವನ್ನು ಹೆಚ್ಚಿಸಲು ರಸ್ತೆಯೂ ಬಿಡುವುದಿಲ್ಲ, ಎದುರಾಗುವ ಟ್ರ್ಯಾಕ್ಟರುಗಳೂ ಬಿಡುವುದಿಲ್ಲ.

ಮಾವಿನ ವ್ಯಾಪಾರಿಗಳು ಇಂದಿಗೂ ಬಂಡಿಯವರ ಹೊತ್ತನ್ನೇ ಪಾಲಿಸುತ್ತಾರೆ. ಬಾದಾಮಿಯಾಗಲಿ, ರಸಪುರಿಯಾಗಲಿ, ಚಿತ್ತೂರಿನ ಕಡೆಯ ರಸದ ಕಾರ್ಖಾನೆಗಳಿಗೆ ಹೋಗುವ ತೋತಾಪುರಿಯಾಗಲಿ, ಮಂಡಿಯಲ್ಲಿ ಹಗಲೆಲ್ಲ ಕೂಗಿ ಕೊಂಡ ಹಣ್ಣನ್ನು ಸಂಜೆ ಲಾರಿಗೆ ತುಂಬಿ ಕತ್ತಲಾದ ಮೇಲೆ ಹೊರಡಿಸುತ್ತಾರೆ. ರಾಶಿಯೊಳಗೆ ಕಾವು ಕೂಡಿದರೆ ಹಣ್ಣು ದಾರಿಯಲ್ಲಿಯೇ ಕೆಡುತ್ತದೆ. ಕೋಲಾರದ ಎ.ಪಿ.ಎಂ.ಸಿ.ಯ ಟೊಮೇಟೊ ಲಾರಿಗಳಿಗೂ, ಗೂಡಿನ ಮೂಟೆಯನ್ನು ಹೊತ್ತು ರೇಷ್ಮೆ ಮಾರುಕಟ್ಟೆಗೆ ಮುಂಜಾನೆಯ ಬಸ್ಸು ಹಿಡಿಯುವ ರೈತನಿಗೂ ಇದೇ ನ್ಯಾಯ. ಹಾಲಿಗಂತೂ ಹಳ್ಳಿ ಹಳ್ಳಿಯಲ್ಲಿ ಶೀತಲ ತೊಟ್ಟಿಗಳು ಬಂದುವು. ಹಣ್ಣು, ಗೂಡು, ಹಾಲುಗಳಿಗೆ ಸಂದ ಈ ತಂಪಿನ ಮರ್ಯಾದೆ ಲಾರಿಯ ಚಾಲಕನಿಗೆ ಮಾತ್ರ ಸಲ್ಲದೆ ಉಳಿದಿತ್ತು. ಎಂಜಿನ್ನಿನ ಕಾವು ಕಾಲಿನ ಬಳಿ, ಸೂರ್ಯನ ಕಾವು ನೆತ್ತಿಯ ಮೇಲೆ.

2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಚಾಲಕನ ಕೋಣೆಗೆ ಹವಾನಿಯಂತ್ರಣ ಇರಲೇಬೇಕೆಂದು ಕೇಂದ್ರ ಸರ್ಕಾರವು ನಿಯಮ ಮಾಡಿದೆ. ಅದು ಬಹಳ ಹಿಂದೆಯೇ ಆಗಬೇಕಾಗಿದ್ದ ಕೆಲಸ. ಆದರೆ ಮಂಡಿಯ ಬಾಗಿಲಲ್ಲಿ ಸರದಿಗಾಗಿ ಹಗಲೆಲ್ಲ ನಿಂತಿರುವ ಲಾರಿಯಲ್ಲಿ ಆ ಯಂತ್ರ ನಡೆಯಬೇಕಾದರೆ ಎಂಜಿನ್ನು ಉರಿಯುತ್ತಲೇ ಇರಬೇಕು. ಒಂದು ಕಿಲೋಮೀಟರೂ ಸಾಗದೆ ಗಂಟೆಗೆ ಒಂದೆರಡು ಲೀಟರು ಡೀಸೆಲ್ ಹೋಗುತ್ತದೆ. ಟ್ರಿಪ್ಪಿಗೆ ಇಷ್ಟು ಎಂದು ಡೀಸೆಲ್ಲನ್ನು ಅಳೆದು ಕೊಡುವ ಮಾಲೀಕನ ಲೆಕ್ಕದ ಪುಸ್ತಕದಲ್ಲಿ ಹೀಗೆ ನಿಂತು ಸುಟ್ಟ ಲೀಟರಿಗೆ ಇನ್ನೂ ಕಲಮು ಇಲ್ಲ. ನಿಯಮವೂ ಅದರ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ಕೋಲಾರದ ಮಾರುಕಟ್ಟೆಯ ಆಚೆ, ರಸ್ತೆಯ ತಿರುವಿನಲ್ಲಿ ಹಳೆಯ ಹುಣಸೆಯೊಂದು ಉಳಿದಿದ್ದರೆ, ಹೊಸ ಲಾರಿಯ ಚಾಲಕನೂ ಮೊದಲು ಹುಡುಕುವುದು ಅದರ ಕೆಳಗಿನ ಜಾಗವನ್ನೇ.